ನಾಡಿಪೆಟ್ಟಿಗೆಯ ಮೇಲೆ ಮೂರು ಗೆರೆ

“ಹುಚ್ಚಮ್ಮಾ, ಆ ಒದ್ದೆ ಬಟ್ಟೆ ಕೆಳಗಿಡು! ಕೈ ತಗಿ ಅಲ್ಲಿಂದ!”

ಮಲ್ಲಿಕಾರ್ಜುನಯ್ಯನವರು ಇಷ್ಟು ಜೋರಾಗಿ ಕೂಗಿ ವರ್ಷಗಳೇ ಆಗಿದ್ದವು. ಪೊಲೀಸ್ ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತರಾಗಿ ಅಜ್ಜಂಪುರದ ಮನೆ ಸೇರಿದ ಮೇಲೆ ಅವರ ದನಿ ದೇವರಕೋಣೆಗೆ ಎಷ್ಟು ಬೇಕೋ ಅಷ್ಟಕ್ಕೆ ಇಳಿದುಬಿಟ್ಟಿತ್ತು.

ಹುಚ್ಚಮ್ಮ ಬೆಚ್ಚಿಬಿದ್ದು ಬಟ್ಟೆಯನ್ನು ಎದೆಗವಚಿಕೊಂಡಳು. ನೀರೆಲ್ಲ ಸೀರೆಯ ಮೇಲೆ ಇಳಿಯಿತು.

“ಅಯ್ಯೋ ಸ್ವಾಮಿ, ಎದೆ ಒಡ್ದೋಯ್ತು! ಧೂಳು ಒರೆಸೋದೂ ತಪ್ಪಾ?”

“ಧೂಳಲ್ಲ ಕಣಮ್ಮ ಅದು. ವಿಭೂತಿ.”

“ಗೊತ್ತು ಬಿಡಿ, ಆಯುಧಪೂಜೆದು. ಹಬ್ಬ ಮುಗೀತಲ್ಲ? ಬೆಂಗಳೂರೋರು ಬರೋ ಹೊತ್ಗೆ ಪೆಟ್ಗೆ ಫಳಫಳ ಅನ್ಬೇಕು ಅಂತ ದೊಡ್ಡ ಸಾರು ಹೇಳವ್ರೆ.”

“ಯಾವ ದೊಡ್ಡ ಸಾರು?”

“ಇನ್ಯಾರು? ನಮ್ ರೇಣುಕಪ್ರಸಾದ್ ಸಾರು.”

ಮಲ್ಲಿಕಾರ್ಜುನಯ್ಯನವರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ಬಂದು ನಿಂತರು.

ತರೀಕೆರೆಯಿಂದ ಲಿಂಗದಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಈ ಸಂಶೋಧನಾ ಕೇಂದ್ರಕ್ಕೆ ಆ ಪೆಟ್ಟಿಗೆಯೇ ಮೂಲದೇವರು ಎನ್ನಬೇಕು. ಗಾತ್ರದಲ್ಲಿ ಒಂದು ದೊಡ್ಡ ಬೀರು. ಮೇಲೆ ಹಸಿರು ಅಲೆ ಮೂಡುವ ದುಂಡು ಪರದೆ. ಅದರ ಕೆಳಗೆ ಜಡೆಯಂತೆ ಹೆಣೆದುಕೊಂಡ ಕೆಂಪು, ಕಪ್ಪು ವೈರುಗಳು. ಇನ್ನೂ ಕೆಳಗೆ, ಒಂದೇ ಸಾಲಿನಲ್ಲಿ, ಬೀಟೆಮರದ ಏಳು ತಿರುಗುಗುಂಡಿಗಳು. ಒಂದೊಂದೂ ಅಂಗೈ ತುಂಬುವಷ್ಟು ದೊಡ್ಡದು, ಮುಖ ಮಾತ್ರ ರೊಟ್ಟಿಮಣೆಯ ಹಾಗೆ ಚಪ್ಪಟೆ. ಆ ಏಳರ ಮುಖದ ಮೇಲೂ ವಿಭೂತಿಯ ಮೂರು ಮೂರು ಗೆರೆ.

ಗೆರೆ ಎಳೆದವರು ಬೇರೆ ಯಾರೂ ಅಲ್ಲ, ಮಲ್ಲಿಕಾರ್ಜುನಯ್ಯನವರೇ. ಪೂಜೆಯ ದಿನ ಹಿರಿಯರೆಂದು ಇವರನ್ನು ಕರೆದಿದ್ದರು. ನೀರಿನಲ್ಲಿ ಕಲಸಿದ ವಿಭೂತಿಗೆ ಬಲಗೈಯ ಮೂರು ಬೆರಳು ಅದ್ದಿ, ಈ ತುದಿಯ ಗುಂಡಿಯಿಂದ ಆ ತುದಿಯ ಗುಂಡಿಯವರೆಗೆ ‘ಶಿವಾ’ ಎನ್ನುತ್ತ ಒಂದೇ ಎಳೆತಕ್ಕೆ ಎಳೆದಿದ್ದರು.

ಅವರ ನಡುಬೆರಳು ಸೊಟ್ಟ. ಕಡೂರಿನಲ್ಲಿ ಸರ್ವಿಸಿನಲ್ಲಿದ್ದಾಗ ಕಳ್ಳನೊಬ್ಬ ಮುಖಕ್ಕೆ ಬಡಿದು ಮುಚ್ಚಿದ ಬಾಗಿಲಿನ ಸಂದಿಗೆ ಸಿಕ್ಕಿದ್ದು, ಮತ್ತೆ ನೆಟ್ಟಗಾಗಲೇ ಇಲ್ಲ. ಕಳ್ಳ ಸಿಕ್ಕ, ಬೆರಳು ಹೋಯಿತು. ಅಂದಿನಿಂದ ಅವರ ಹಣೆಯ ವಿಭೂತಿಯಲ್ಲಿ ಮೇಲಿನ ಗೆರೆ ತುಂಬು, ಕೆಳಗಿನ ಗೆರೆ ತುಂಬು, ನಡುವಿನದು ಮಾತ್ರ ಸೊರಗಿದ ಎಳೆ. ಹೆಂಡತಿ ಮೀನಾಕ್ಷಮ್ಮ ದಿನಾ ಬೆಳಿಗ್ಗೆ ಕಾಫಿ ಕೊಡುವಾಗ “ಬಂದ್ರು ನಮ್ಮ ಎರಡೂವರೆ ಗೆರೆ ಅಯ್ಯನೋರು” ಎಂದು ನಗುವುದು ತಪ್ಪಿದ್ದಿಲ್ಲ.

ಹಬ್ಬದ ರಜೆ ಮುಗಿದು ಕೇಂದ್ರದ ಬಾಗಿಲು ತೆರೆದ ದಿನವೇ, ದೀಪಶ್ರೀ ಎಂಬ ಸಂಶೋಧಕಿ ಸುಳ್ಳು ಫಲಿತಾಂಶ ತೋರಿಸಿದ್ದಾಳೆ ಎಂಬ ಮಾತು ಎದ್ದಿತ್ತು. ಆ ಹುಡುಗಿ ನಿನ್ನೆ ಅಳುತ್ತ ಅಜ್ಜಂಪುರದ ಬಸ್ಸು ಹತ್ತಿ ಇವರ ಮನೆಬಾಗಿಲಿಗೆ ಬಂದಿದ್ದಳು.

ಇವತ್ತು ವಿಚಾರಣಾ ಸಮಿತಿ ಬರುವ ದಿನ. ಅವರು ‘ಸುಳ್ಳು’ ಎಂದು ಬರೆದುಬಿಟ್ಟರೆ ದೀಪಶ್ರೀಯ ಓದು ಅಲ್ಲಿಗೇ ನಿಂತಿತು. ಮುಂದೆ ಯಾವ ಪ್ರಯೋಗಾಲಯವೂ ಅವಳನ್ನು ಒಳಗೆ ಬಿಟ್ಟುಕೊಳ್ಳದು.

“ಅಜ್ಜಾ, ಏನಾದ್ರೂ ಸಿಕ್ತಾ?”

ಬಾಗಿಲಲ್ಲಿ ದೀಪಶ್ರೀ ನಿಂತಿದ್ದಳು. ತೆಳ್ಳನೆಯ ಹುಡುಗಿ, ಹತ್ತಿ ಚೂಡಿದಾರದ ಮೇಲೆ ಬಿಳಿ ಕೋಟು. ಹಣೆಯಲ್ಲಿ ಕಿರಿದಾಗಿ, ಅಚ್ಚುಕಟ್ಟಾಗಿ ಮೂರು ಗೆರೆ ವಿಭೂತಿ, ನಡುವೆ ಸಾಸಿವೆಯಷ್ಟು ಸ್ಟಿಕ್ಕರ್. ಕಣ್ಣಿನ ಕೆಳಗೆ ಮಾತ್ರ ಕಪ್ಪು.

“ಬಾ ತಾಯಿ. ಮೊದಲು ಒಂದು ರೊಟ್ಟಿ ತಿನ್ನು. ಮೀನಾಕ್ಷಿ ಹುಚ್ಚೆಳ್ಳು ಚಟ್ನಿಪುಡಿ ಹಾಕಿ ಡಬ್ಬಿ ತುಂಬಾ ಕಳಿಸಿದ್ದಾಳೆ.”

“ಬೇಡ ಅಜ್ಜಾ. ಹಸಿವಿಲ್ಲ.”

“ಸರಿ, ಹಾಗಾದ್ರೆ ಈ ದೇವರ ವಿಚಾರ ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು. ನಿನ್ನೆ ಹೇಳಿದ್ದು ಬಸ್ಸಲ್ಲಿ ಅರ್ಧ ಉದುರಿಹೋಯ್ತು.”

ದೀಪಶ್ರೀಗೆ ನಗು ಬಂತು. ಪೆಟ್ಟಿಗೆಯ ಮಾತು ಬಂದರೆ ಅವಳ ಮುಖ ತಾನೇ ಬೆಳಗುತ್ತಿತ್ತು.

“ಇದೂ ಕಂಪ್ಯೂಟರ್ರೇ ಅಜ್ಜಾ. ಅನಲಾಗ್ ಕಂಪ್ಯೂಟರ್. ನಿಮ್ಮ ಜೇಬಲ್ಲಿರೋ ಮೊಬೈಲು ಎಲ್ಲಾನೂ ಅಂಕಿ ಮಾಡ್ಕೊಂಡು ಎಣಿಸುತ್ತೆ. ಇದು ಎಣಿಸೋದೇ ಇಲ್ಲ. ಮೈಯೊಳಗೆ ರಕ್ತ ಹೇಗೆ ಏರಿ ಇಳಿಯುತ್ತೋ, ಇದರೊಳಗೆ ಕರೆಂಟೂ ಹಾಗೇ ಏರಿ ಇಳಿಯುತ್ತೆ.”

“ಅಂದ್ರೆ ಲೆಕ್ಕ ಮಾಡಲ್ಲ, ನಟನೆ ಮಾಡುತ್ತೆ.”

“ಹಾಂ! ಹೃದಯದ ವೇಷ ಹಾಕ್ಕೊಂಡು ನಿಂತ್ಕೊಳ್ಳುತ್ತೆ ಅನ್ನಿ. ಒಂದು ಕಾಲದಲ್ಲಿ ಹೃದಯ, ಉಸಿರಾಟ, ಔಷಧಿ ಮೈಯಲ್ಲಿ ಹೇಗೆ ಹರಡುತ್ತೆ, ಎಲ್ಲಾನೂ ಇಂಥ ಯಂತ್ರದಲ್ಲೇ ನೋಡ್ತಿದ್ರು. ಆಮೇಲೆ ಹೊಸ ಕಂಪ್ಯೂಟರ್ ಬಂದು ಇವು ಗುಜರಿಗೆ ಹೋದ್ವು. ನಮ್ಮ ವಿಶ್ವಾರಾಧ್ಯ ಡಾಕ್ಟ್ರು ಮಾತ್ರ ಬಿಡ್ಲಿಲ್ಲ.”

ವಿಶ್ವಾರಾಧ್ಯ ಡಾಕ್ಟರು ಈ ಕೇಂದ್ರ ಕಟ್ಟಿದವರು, ಈಗ ಶಿವನ ಪಾದ ಸೇರಿದ್ದರು. ಈ ಪೆಟ್ಟಿಗೆಯನ್ನು ತಾವೇ ಜೋಡಿಸಿ ‘ನಾಡಿಪೆಟ್ಟಿಗೆ’ ಎಂದು ಹೆಸರಿಟ್ಟಿದ್ದರು. ಬೀಟೆ ಗುಂಡಿಗಳನ್ನು ಕಡೆಸಿದವರೂ ಅವರೇ. ಆ ಗುಂಡಿಗಳ ಮೇಲೆ ಒಂದು ಅಂಕಿಯಿಲ್ಲ, ಒಂದು ಚುಕ್ಕೆಯಿಲ್ಲ. ‘ಅಂಕಿ ನೋಡಿದರೆ ಕಣ್ಣು ಅಲ್ಲೇ ನಿಂತುಬಿಡುತ್ತೆ. ಅಲೆ ನೋಡಿ, ಅಲೆ’ ಎನ್ನುತ್ತಿದ್ದರಂತೆ.

“ಬಸುರಿಯ ಬೆರಳಿಗೆ ಕ್ಲಿಪ್ಪು ಹಾಕ್ತೀವಿ,” ದೀಪಶ್ರೀ ಪರದೆ ತೋರಿಸಿದಳು. “ಅವಳ ನಾಡಿ ಇಲ್ಲಿ ಅಲೆಯಾಗಿ ಓಡುತ್ತೆ. ಪಕ್ಕದಲ್ಲೇ ಪೆಟ್ಟಿಗೆಯ ಅಲೆ. ಈ ಏಳು ಗುಂಡಿ ಒಂದೊಂದಾಗಿ ತಿರುಗಿಸ್ತಾ ಹೋದ್ರೆ ಎರಡೂ ಅಲೆ ಒಂದರ ಮೇಲೊಂದು ಕೂತ್ಕೊಳ್ಳುತ್ತೆ. ಆಗ ಪೆಟ್ಟಿಗೆ ಅವಳ ಮೈಯ ಹಾಗೇ ಆಯ್ತು ಅಂತ. ಆಮೇಲೆ ಈ ಸ್ವಿಚ್ಚು ಒತ್ತಿದ್ರೆ ಸಾಕು. ಅವಳಿಗೆ ಇನ್ನೂ ಬರದೇ ಇರೋ ವಾರಗಳು ಇಲ್ಲಿ ಚಿಟಿಕೆ ಹೊಡೆಯೋದರಲ್ಲಿ ಓಡ್ತವೆ, ಪೆನ್ನು ಗೆರೆ ಬರೆಯುತ್ತೆ.”

“ಲಿಂಗದಹಳ್ಳಿಯ ಬಸುರಿ ಸ್ಫೂರ್ತಿಗೆ ಗೆರೆ ಏರಿತ್ತು.”

“ಬೆಟ್ಟ ಹತ್ತಿದ ಹಾಗೆ ಏರಿತ್ತು ಅಜ್ಜಾ! ಆವತ್ತು ಅವಳ ರಕ್ತದೊತ್ತಡ ಸರಿಯಾಗೇ ಇತ್ತು. ಆದ್ರೂ ಮುಂದೆ ಏರುತ್ತೆ ಅಂತ ಪೆಟ್ಟಿಗೆ ಹೇಳ್ತು. ಈ ನಾಲ್ಕನೇ ಗುಂಡಿ ಇದೆಯಲ್ಲ, ನಡುವಿಂದು, ಇದೇ ರಕ್ತನಾಳದ ಬಿಗಿ. ನನ್ನ ಸಂಶೋಧನೆಯೆಲ್ಲ ಇದರ ಮೇಲೇ ನಿಂತಿರೋದು. ಪೂಜೆಗೆ ಮುಂಚೆ ಬರೆದ ಗೆರೆ ಅದು. ರಜೆ ಮುಗಿದು ಬಂದು ಎಲ್ಲರ ಮುಂದೆ ಸ್ವಿಚ್ಚು ಒತ್ತಿದ್ರೆ...”

“ಗೆರೆ ಮಲಗಿಬಿಟ್ಟಿತ್ತು.”

“ಚಾಪೆ ಹಾಸಿದ ಹಾಗೆ,” ಎಂದಳು ದೀಪಶ್ರೀ. “ಅದೇ ಯಂತ್ರ, ಅದೇ ವೈರು, ಗೆರೆ ಮಾತ್ರ ಬೇರೆ. ಸ್ಫೂರ್ತಿನ ಮತ್ತೆ ಕೂರಿಸೋಣ ಅಂದ್ರೆ ಆಕೆ ಈಗ ಆಸ್ಪತ್ರೇಲಿ ಮಾತ್ರೆ ತಗೊಳ್ತಿದ್ದಾಳೆ, ನಾಡಿ ಅವತ್ತಿನ ಹಾಗೆ ಇರಲ್ಲ. ನಾನೇ ಗುಂಡಿ ತಿರುಗಿಸಿ ಆ ಗೆರೆ ಬರಿಸಿದ್ರೆ, ‘ನೋಡಿ, ಬೇಕಾದ ಹಾಗೆ ತಿರುಗಿಸ್ತಾಳೆ’ ಅಂತಾರೆ.”

“ನಿಜ. ಗುಂಡಿ ಎಲ್ಲಿತ್ತು ಅಂತ ಹೇಳೋ ಸಾಕ್ಷಿ ನೀನಾಗಬಾರದು.” ಮಲ್ಲಿಕಾರ್ಜುನಯ್ಯನವರು ಮುಗುಳ್ನಕ್ಕರು. “ಹುಚ್ಚಮ್ಮಾ, ಆ ಕಿಟಕಿ ಪರದೆ ಸ್ವಲ್ಪ ಸರಿಸು.”

ಹುಚ್ಚಮ್ಮ ಪರದೆ ಸರಿಸಿದಳು. ಬೆಳಗಿನ ಬಿಸಿಲು ಅಡ್ಡಡ್ಡವಾಗಿ ಬಂದು ಏಳು ಗುಂಡಿಗಳ ಮೇಲೆ ಬಿತ್ತು.

“ಈಗ ನೋಡು ತಾಯಿ. ಒಂದೇ ಎಳೆತಕ್ಕೆ ಎಳೆದ ಗೆರೆ ಹೇಗಿರಬೇಕು?”

“ನೇರವಾಗಿ.”

“ಮೊದಲನೇದರ ಮೇಲೆ ನೇರವಾಗಿದೆ. ಎರಡನೇದು?”

ದೀಪಶ್ರೀ ಬಗ್ಗಿ ನೋಡಿದಳು. ಎರಡನೆಯ ಗುಂಡಿಯ ಮೇಲಿನ ಗೆರೆಗಳು ಓರೆಯಾಗಿದ್ದವು, ಜಾರಿದ ಹೆಂಚಿನ ಹಾಗೆ. ಮೂರನೆಯದು, ನಾಲ್ಕನೆಯದು ನೇರ. ಐದನೆಯದರ ಗೆರೆ ಹೆಚ್ಚುಕಡಿಮೆ ಲಂಬವಾಗಿ ನಿಂತಿತ್ತು. ಆರನೆಯದು ಮತ್ತೆ ಓರೆ. ಏಳನೆಯದು ನೇರ.

“ಅಜ್ಜಾ!” ಅವಳ ಕೈ ಬಾಯಿಗೆ ಹೋಯಿತು.

“ಪೂಜೆಗೆ ಮುಂಚೆ ಒರೆಸುವಾಗ ಯಾರಾದರೂ ತಿರುಗಿಸಿದ್ದರೆ ಗೆರೆ ನೇರವಾಗೇ ಇರ್ತಿತ್ತು, ಯಾಕಂದ್ರೆ ನಾನು ಎಳೆದದ್ದು ಆಮೇಲೆ. ಗೆರೆ ಮುರಿದಿದೆ. ಅಂದರೆ ಪೂಜೆ ಆದ ಮೇಲೆ ಈ ಮೂರು ಗುಂಡಿಗಳ ಮೇಲೆ ಯಾರದೋ ಕೈ ಬಿದ್ದಿದೆ. ಎಷ್ಟು ತಿರುಗಿಸಿದರು ಅನ್ನೋದನ್ನೂ ಶಿವನೇ ಬರೆದಿಟ್ಟಿದ್ದಾನೆ. ಗೆರೆ ಮತ್ತೆ ನೇರ ಆಗೋವರೆಗೆ ತಿರುಗಿಸಿದರೆ ಆಯ್ತು, ಪೆಟ್ಟಿಗೆ ಪೂಜೆಯ ದಿನ ಹೇಗಿತ್ತೋ ಹಾಗೆ.”

ದೀಪಶ್ರೀ ಗುಂಡಿಗಳನ್ನೇ ನೋಡುತ್ತ ನಿಂತಳು. ಪಾಪ, ಸಂತೋಷಕ್ಕೆ ಮಾತು ಕಟ್ಟಿದೆ ಎಂದುಕೊಂಡರು ಮಲ್ಲಿಕಾರ್ಜುನಯ್ಯನವರು.

“ಸತೀಶನ್ನ ಕರಿ. ಹಾಗೇ ನಿಮ್ಮ ಪ್ರಸಾದನ್ನೂ.”

ಮೊದಲು ಬಂದವನು ಸತೀಶ್, ಪೆಟ್ಟಿಗೆಯ ರಿಪೇರಿ ನೋಡಿಕೊಳ್ಳುವ ಟೆಕ್ನಿಷಿಯನ್. ಬಂದವನೇ ಕೈಯೆತ್ತಿಬಿಟ್ಟ.

“ಸಾರ್, ನಾನಂತೂ ಮುಟ್ಟಿಲ್ಲ ಕಣ್ರೀ! ಪೂಜೆ ಮುಗಿದಿದ್ದೇ ಬೀಗ ಹಾಕಿ ಕೀ ಪ್ರಸಾದ್ ಸಾರ್ ಕೈಗೆ ಕೊಟ್ಟು ಸಖರಾಯಪಟ್ಟಣಕ್ಕೆ ಹೋದೋನು, ರಜೆ ಮುಗಿದ ಮೇಲೇ ಬಂದಿದ್ದು. ಅಕ್ಕನ ಮಗೂಗೆ ನಾಮಕರಣ. ಬೇಕಿದ್ರೆ ಫೋಟೋ ತೋರಿಸ್ತೀನಿ.”

“ಪೂಜೆಯ ಫೋಟೋ ಇದೆಯೇನೋ?”

“ಇದೆ. ಆದ್ರೆ ಪೆಟ್ಟಿಗೆ ಮೇಲೆ ಸೇವಂತಿಗೆ ಹಾರ ಬಿಟ್ರೆ ಏನೂ ಕಾಣಲ್ಲ. ನಿಮ್ಮ ಬೆನ್ನು ಚೆನ್ನಾಗಿ ಬಂದಿದೆ.”

“ಆಗಲಿ, ಯಾವುದಾದರೂ ಒಂದು ಚೆನ್ನಾಗಿ ಬಂತಲ್ಲ. ರೊಟ್ಟಿ ತಗೋ.”

ಸತೀಶ್ ಎರಡು ರೊಟ್ಟಿ ತೆಗೆದುಕೊಂಡು ಅಲ್ಲೇ ತಿನ್ನತೊಡಗಿದ. ಮಲ್ಲಿಕಾರ್ಜುನಯ್ಯನವರ ಮನಸ್ಸು ಅವನ ಹೆಸರನ್ನು ಸದ್ದಿಲ್ಲದೆ ಅಳಿಸಿಹಾಕಿತು. ಒಳಗೆ ಏನನ್ನಾದರೂ ಮುಚ್ಚಿಟ್ಟುಕೊಂಡವರಿಗೆ ತುತ್ತು ಇಳಿಯುವುದಿಲ್ಲ. ಕಡೂರು ಠಾಣೆಯಲ್ಲಿ ಅವರು ಲಾಠಿಗಿಂತ ಹೆಚ್ಚು ನಂಬಿದ್ದು ತಿಂಡಿಯ ತಟ್ಟೆಯನ್ನು.

ರೇಣುಕಪ್ರಸಾದರು ಟೈ ಸರಿಮಾಡಿಕೊಳ್ಳುತ್ತಲೇ ಒಳಗೆ ಬಂದರು. ವಿಶ್ವಾರಾಧ್ಯರ ಶಿಷ್ಯ, ಈಗ ಕೇಂದ್ರದ ನಿರ್ದೇಶಕ. ಅವರಪ್ಪ ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಕಾಲದಿಂದ ಮಲ್ಲಿಕಾರ್ಜುನಯ್ಯನವರು ಈ ಹುಡುಗನನ್ನು ಬಲ್ಲರು. ಆಗ ಹಣೆ ತುಂಬ ವಿಭೂತಿ ಇರುತ್ತಿತ್ತು. ಓದು ಏರಿದಂತೆ ಅದು ಇಳಿದುಹೋಗಿತ್ತು.

“ಏನ್ಸಾರ್, ಪೆಟ್ಟಿಗೆ ಒರೆಸೋಕೂ ಬಿಡ್ತಿಲ್ವಂತೆ? ಸಮಿತಿಯವರು ಆಗ್ಲೇ ಕಡೂರಲ್ಲಿ ರೈಲು ಇಳಿದಿದ್ದಾರೆ!”

“ಇಳಿದ ಮೇಲೆ ಅಲ್ಲಿ ದೋಸೆ ತಿನ್ನದೆ ಬರ್ತಾರೇನಪ್ಪಾ? ಕೂತ್ಕೋ. ನೀನೂ ಒಂದು ರೊಟ್ಟಿ ತಗೋ.”

“ಸಾರ್, ಈಗ ತಿನ್ನೋ ಹೊತ್ತಾ?”

“ಬೇಡ ಬಿಡು. ಪ್ರಸಾದು, ಇದೇನು ಹೇಳು?” ಮಲ್ಲಿಕಾರ್ಜುನಯ್ಯನವರು ಐದನೆಯ ಗುಂಡಿಯತ್ತ ಬೆರಳು ತೋರಿಸಿದರು.

“ಅದಾ? ವಿಭೂತಿ. ಪೂಜೆದು.”

“ಅಡ್ಡ ಇರಬೇಕಾದ ಗೆರೆ ಉದ್ದ ನಿಂತಿದೆಯಲ್ಲ, ಯಾಕೆ?”

ರೇಣುಕಪ್ರಸಾದರು ಗೆರೆ ನೋಡಿದರು. ಪಕ್ಕದ ಗುಂಡಿಯ ಗೆರೆ ನೋಡಿದರು. ಮತ್ತೆ ಇದನ್ನು ನೋಡಿದರು. ವಿಜ್ಞಾನ ಓದಿದ ತಲೆ. ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಟೈ ಹಿಡಿದಿದ್ದ ಕೈ ಹಾಗೆಯೇ ನಿಂತುಬಿಟ್ಟಿತು.

“ಪೂಜೆ ಆದ ಮೇಲೆ ಬೀಗದ ಕೈ ಯಾರ ಹತ್ರ ಇತ್ತು ಪ್ರಸಾದು?”

“ನನ್ನ ಹತ್ರ. ಆದ್ರೆ ಒಂದ್ಸಲ... ದೀಪಶ್ರೀ ಬಂದು ತನ್ನ ಗೆರೆ ಕಾಗದ ಒಳಗೇ ಉಳಿದಿದೆ ಅಂತ ಇಸ್ಕೊಂಡು, ಸ್ವಲ್ಪ ಹೊತ್ತಿಗೆ ವಾಪಸ್ ಕೊಟ್ಟಳು, ಅಷ್ಟೇ.”

“ಆಮೇಲೆ?”

“ಆಮೇಲೆ ನನ್ನ ಹತ್ರಾನೇ.”

“ಇವತ್ತು ಬೆಳಿಗ್ಗೆ ಇದನ್ನ ಒರೆಸು ಅಂತ ಹೇಳಿದ್ದೂ ನೀನೇ.”

“ಸಾರ್, ಅದು ಬರೀ ಶುಚಿ ಇರ್ಲಿ ಅಂತ. ದೇವರಾಣೆ, ವಿಭೂತೀಲಿ ಇಷ್ಟೆಲ್ಲ ಇದೆ ಅಂತ ನನಗೆ ಹೊಳೆದೇ ಇರ್ಲಿಲ್ಲ!”

“ಅದನ್ನ ನಾನು ನಂಬ್ತೀನಿ. ಹೊಳೆದಿದ್ರೆ ರಜೆಯಲ್ಲೇ ಒರೆಸಿಬಿಡ್ತಿದ್ದೆ. ನಿಮ್ಮ ತಾಯಿ ಇದ್ದಿದ್ರೆ ಬೆರಳು ತಾಕೋ ಮುಂಚೆ ಗೆರೆ ನೋಡ್ತಿದ್ದರು. ನೀನು ನೋಡಲಿಲ್ಲ. ಯಾಕೆ ತಿರುಗಿಸ್ದೆ ಮಗಾ?”

‘ಮಗಾ’ ಎಂದ ಒಂದು ಮಾತು ಸಾಕಾಯಿತು. ರೇಣುಕಪ್ರಸಾದರು ಸ್ಟೂಲಿನ ಮೇಲೆ ಕುಳಿತು ಕನ್ನಡಕ ತೆಗೆದರು.

“ಗುರುಗಳು ಇರೋವರೆಗೂ ನನಗೆ ಈ ಗುಂಡಿ ಮುಟ್ಟೋಕೆ ಬಿಡ್ಲಿಲ್ಲ ಸಾರ್. ‘ನಿನ್ನ ಕೈ ಅವಸರದ್ದು’ ಅನ್ನೋರು. ಅವರು ಹೋದ ಮೇಲೆ ಈ ಹುಡುಗಿ ಬಂದು ಕೂತಳು, ಪೆಟ್ಟಿಗೆ ಅವಳ ಮಾತು ಕೇಳ್ತು. ನಾನು ಹೆಸರಿಗೆ ನಿರ್ದೇಶಕ. ಅವಳು ಕೀ ವಾಪಸ್ ಕೊಟ್ಟು ಹೋದ ಮೇಲೆ ರಜೇಲಿ ಯಾರೂ ಇರ್ಲಿಲ್ಲ. ಒಂದ್ಸಲ, ಒಂದೇ ಸಲ, ಹಿಡಿದು ನೋಡೋಣ ಅನ್ನಿಸ್ತು.”

“ಹಿಡಿದೆ.”

“ಹಿಡಿದೆ. ಎರಡನೇದು, ಐದನೇದು, ಆರನೇದು. ಅಲೆ ಕುಣೀತಿತ್ತು ಸಾರ್. ಹಾಗೇ ಮೈಮರೆತುಬಿಟ್ಟೆ. ಆಮೇಲೆ ನೋಡ್ತೀನಿ, ಮೊದಲು ಎಲ್ಲಿತ್ತು ಅಂತಾನೇ ಗೊತ್ತಾಗ್ಲಿಲ್ಲ. ಒಂದು ಗುರುತಿಲ್ವಲ್ಲ ಅದರ ಮೇಲೆ!”

“ಹಾಗಂತ ಹೇಳಬಹುದಿತ್ತಲ್ಲಪ್ಪಾ?”

“ಎಲ್ಲರ ಮುಂದೆ ಗೆರೆ ಮಲಗಿದಾಗ ಬಾಯಿ ಬರ್ಲಿಲ್ಲ. ಯಾರೋ ‘ಇವಳು ಸುಳ್ಳು ಹೇಳಿದಾಳೆ’ ಅಂದ್ರು. ನಾನು ಸುಮ್ಮನಿದ್ದೆ. ಸುಮ್ಮನಿದ್ದೇ ಇಲ್ಲೀವರೆಗೆ ಬಂತು.”

“ನಾಲ್ಕನೇದು?”

“ಮುಟ್ಟಲಿಲ್ಲ. ಅದು ಅವಳ ಗುಂಡಿ ಅಂತ ಗೊತ್ತಿತ್ತು. ಅಷ್ಟು ಮರ್ಯಾದೆ ಇಟ್ಕೊಂಡಿದ್ದೆ.”

ಸತೀಶ್ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ.

ಮಲ್ಲಿಕಾರ್ಜುನಯ್ಯನವರಿಗೆ ಸಿಟ್ಟು ಬರಲಿಲ್ಲ. ಕಟಕಟೆಗೆ ಹತ್ತಿಸಿದವರ ಸಾಲಿನಲ್ಲಿ ಈ ಮುಖ ನಿಲ್ಲುವುದಿಲ್ಲ ಎಂದು ಅವರಿಗೆ ಅನ್ನಿಸಿತು. ಗುಡಿಯ ಗಂಟೆ ಬಾರಿಸಬೇಕೆಂದು ಚಿಕ್ಕಂದಿನಿಂದ ಕಾದು, ಯಾರೂ ಇಲ್ಲದ ಹೊತ್ತು ನೋಡಿ ಬಾರಿಸಿ, ಸದ್ದಿಗೆ ತಾನೇ ಹೆದರಿ ಓಡಿದವನ ಮುಖ ಅದು.

“ಏಳು. ನೀನು ತಿರುಗಿಸಿದ್ದನ್ನ ನೀನೇ ಸರಿಮಾಡು. ಸತೀಶ, ಮೊಬೈಲಲ್ಲಿ ವಿಡಿಯೋ ತೆಗಿ. ಗೆರೆ ಮುರಿದಿರೋದು ಮೊದಲು ಕಾಣಬೇಕು, ಆಮೇಲೆ ಕೈ.”

ರೇಣುಕಪ್ರಸಾದರು ಎದ್ದರು. ಎರಡನೆಯ ಗುಂಡಿಯ ಮೇಲೆ ಕೈಯಿಟ್ಟು ತಿರುಗಿಸತೊಡಗಿದರು.

“ಅವಸರ ಬೇಡ,” ಎಂದರು ಮಲ್ಲಿಕಾರ್ಜುನಯ್ಯನವರು ಮೆಲ್ಲಗೆ. “ಮಜ್ಜಿಗೆ ಮೇಲಿನ ಬೆಣ್ಣೆ ತೆಗೆದ ಹಾಗೆ. ಹಾಂ... ಇನ್ನೊಂದು ಕೂದಲೆಳೆ... ಸಾಕು.”

ಎರಡನೆಯ ಗುಂಡಿಯ ಗೆರೆಗಳು ಮೊದಲನೆಯದರ ಗೆರೆಗಳಿಗೆ ಹೋಗಿ ಕೂಡಿಕೊಂಡವು. ಐದನೆಯದು ಸುತ್ತಿ ಬಂದು ಅಡ್ಡ ಮಲಗಿತು. ಆರನೆಯದೂ ಸಾಲಿಗೆ ಸೇರಿತು. ಬೀಟೆಯ ಕಪ್ಪಿನ ಮೇಲೆ ಬಿಳಿ ಗೆರೆ ಈ ತುದಿಯಿಂದ ಆ ತುದಿಗೆ ಹರಿದು, ಯಾರೋ ದೊಡ್ಡವರು ಕಣ್ಣುಮುಚ್ಚಿ ಕುಳಿತ ಹಣೆಯಂತೆ ಕಂಡಿತು. ಹುಚ್ಚಮ್ಮ ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈಮುಗಿದಳು.

“ಸ್ವಿಚ್ಚು,” ಎಂದರು ಮಲ್ಲಿಕಾರ್ಜುನಯ್ಯನವರು.

ಸತೀಶ್ ಒತ್ತಿದ. ಪೆಟ್ಟಿಗೆಯ ಹೊಟ್ಟೆಯಲ್ಲಿ ಜೇನಿನ ಗುಂಯ್‌ಗುಡುವಿಕೆ ಎದ್ದಿತು. ಪೆನ್ನು ಒಮ್ಮೆ ಬೆದರಿದಂತೆ ಹಾರಿ, ಕಾಗದಕ್ಕೆ ಮೂಗು ತಾಗಿಸಿ ಹೊರಟಿತು. ಮೊದಲು ಸಮನೆಲ. ಆಮೇಲೆ ಸಣ್ಣ ದಿಣ್ಣೆ. ಆಮೇಲೆ, ಕೆಮ್ಮಣ್ಣುಗುಂಡಿಯ ಘಾಟಿ ಹತ್ತುವ ಬಸ್ಸಿನ ಹಾಗೆ, ನಿಲ್ಲದೆ ಮೇಲೆ, ಇನ್ನೂ ಮೇಲೆ.

ಸತೀಶ್ ದೀಪಶ್ರೀಯ ಹಳೆಯ ಕಾಗದವನ್ನು ತಂದು ಹೊಸದರ ಮೇಲಿಟ್ಟು ಕಿಟಕಿಗೆ ಹಿಡಿದ. ಗೆರೆಯ ಮೇಲೆ ಗೆರೆ ಕುಳಿತಿತು. ಕೂದಲು ಹಾಯಲು ಸಂದಿಯಿಲ್ಲ.

“ಗೆದ್ದುಬಿಟ್ಟೆ ಕಣೇ ದೀಪಾ!” ಎಂದು ಅವನು ಕುಣಿದೇಬಿಟ್ಟ. “ಲೇ, ಅಳ್ತೀಯಲ್ಲೇ! ನಗೇ!”

“ಕ್ಷಮಿಸಮ್ಮ,” ಎಂದರು ರೇಣುಕಪ್ರಸಾದರು. “ಸಮಿತಿಯವರ ಮುಂದೆ ನಾನೇ ಹೇಳ್ತೀನಿ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಏನು ಶಿಕ್ಷೆ ಕೊಟ್ಟರೂ ಸರಿ.” ಹೇಳಿದ ಮೇಲೆ ಅವರ ಹೆಗಲು ಹಗುರಾದಂತೆ ಇಳಿಯಿತು. ತಾವಾಗಿಯೇ ಡಬ್ಬಿಗೆ ಕೈ ಹಾಕಿ ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು.

“ಚಟ್ನಿಪುಡಿ ಹಾಕ್ಕೊಳ್ಳಿ ಸಾರು, ಬರೀ ರೊಟ್ಟಿ ತಿಂತೀರಲ್ಲ,” ಎಂದು ಹುಚ್ಚಮ್ಮ ಡಬ್ಬಿ ಮುಂದೆ ತಳ್ಳಿದಳು. ತಾನೂ ಒಂದು ತೆಗೆದುಕೊಂಡಳು. ದೀಪಶ್ರೀಯ ಕೈಗೂ ಒಂದು ತುರುಕಿದಳು.

ಮಲ್ಲಿಕಾರ್ಜುನಯ್ಯನವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದರು. ಸಂತೃಪ್ತಿ ಎಂದರೆ ಇದೇ ಇರಬೇಕು. ಕೋಳ ಬೇಕಾಗಲಿಲ್ಲ, ಗದರಿಕೆ ಬೇಕಾಗಲಿಲ್ಲ. ಶಿವನ ಬೂದಿ ಸಾಕ್ಷಿ ಹೇಳಿತು, ಒಬ್ಬಳ ಮಾನ ಉಳಿಯಿತು, ಇನ್ನೊಬ್ಬನ ಭಾರ ಇಳಿಯಿತು.

ಜೇಬಿನಲ್ಲಿ ಫೋನು ರಿಂಗಾಯಿತು. ಮೀನಾಕ್ಷಮ್ಮ.

“ರೊಟ್ಟಿ ತಿಂದ್ರೋ ಇಲ್ವೋ?”

“ಎಲ್ಲರೂ ತಿಂದ್ರು. ನನಗೇ ಉಳೀಲಿಲ್ಲ ನೋಡು.”

“ಗೊತ್ತಿತ್ತು ನನಗೆ! ಕೆಲಸ ಏನಾಯ್ತು?”

“ಆಯ್ತು ಕಣೇ. ಪೂಜೆ ದಿನ ನಾನು ಎಳೆದ ವಿಭೂತಿ ಗೆರೆಯೇ ಎಲ್ಲಾ ಹೇಳಿಬಿಡ್ತು.”

“ಅಯ್ಯೋ ರಾಮಾ, ಆ ಸೊಟ್ಟ ಬೆರಳಿನ ಎರಡೂವರೆ ಗೆರೆಗೂ ಒಂದು ಬೆಲೆ ಬಂತಾ? ಅದನ್ನ ನೋಡಿದ್ರೆ ಯಾರಾದ್ರೂ ಹೇಳ್ತಾರೆ, ಇದು ನಮ್ಮ ಮನೆಯೋರದ್ದೇ ಅಂತ. ಬೇಗ ಬನ್ನಿ, ಸಾರು ಆರೋಗುತ್ತೆ.”

ಫೋನು ಇಟ್ಟು ಅವರು ನಗುತ್ತಲೇ ತಮ್ಮ ಕೈಬರಹ ನೋಡಲೆಂದು ಎದ್ದು ಪೆಟ್ಟಿಗೆಯ ಮುಂದೆ ಬಂದರು.

ಮೊದಲನೆಯ ಗುಂಡಿ: ಮೇಲಿನ ಗೆರೆ ತುಂಬು, ಕೆಳಗಿನದು ತುಂಬು, ನಡುವಿನದು ಸೊರಗಿದ ಎಳೆ. ಹೌದು, ತಮ್ಮದೇ. ಎರಡನೆಯದು, ಹಾಗೆಯೇ. ಮೂರನೆಯದು, ಹಾಗೆಯೇ.

ನಾಲ್ಕನೆಯದು.

ಅವರ ನಗು ನಿಧಾನವಾಗಿ ನಿಂತಿತು.

ನಾಲ್ಕನೆಯ ಗುಂಡಿಯ ಮೇಲೆ ಮೂರೂ ಗೆರೆ ತುಂಬಿತ್ತು. ನೇರವಾಗಿತ್ತು, ಸಾಲಿನಲ್ಲೇ ಇತ್ತು. ಆದರೆ ನಡುವಿನ ಗೆರೆ ಸೊರಗಿರಲಿಲ್ಲ. ಗೆರೆಗಳೂ ಕಿರಿದು, ಎಳೆಯ ಬೆರಳು ಎಳೆದ, ಅಚ್ಚುಕಟ್ಟಾದ ಗೆರೆಗಳು.

ತಮ್ಮದಲ್ಲ.

ಯಾರೋ ಈ ಒಂದು ಗುಂಡಿಯ ವಿಭೂತಿ ಒರೆಸಿ, ಮತ್ತೆ ಹಚ್ಚಿದ್ದಾರೆ. ಪ್ರಸಾದ ಗೆರೆ ನೋಡದೆ ತಿರುಗಿಸಿದ. ಇದನ್ನು ಮಾಡಿದವರು ಗೆರೆ ನೋಡಿದ್ದಾರೆ. ಅದು ಏನು ಹೇಳಿಬಿಡುತ್ತದೆ ಎಂದೂ ತಿಳಿದಿದ್ದಾರೆ.

ಮಲ್ಲಿಕಾರ್ಜುನಯ್ಯನವರ ಮನಸ್ಸು ಬೇಡಬೇಡವೆಂದರೂ ಮುಂದಿನ ಹೆಜ್ಜೆ ಇಟ್ಟಿತು. ಈ ಗುಂಡಿ ಪೂಜೆಯ ನಂತರ ತಿರುಗಿದ್ದರೆ, ಪೆಟ್ಟಿಗೆ ಈಗ ಪೂಜೆಯ ದಿನದ ಹಾಗೆ ಇಲ್ಲ. ಪೂಜೆಯ ದಿನದ ಹಾಗೆ ಇಲ್ಲದ ಪೆಟ್ಟಿಗೆ, ಪೂಜೆಗೆ ಮುಂಚೆ ಬರೆದ ಗೆರೆಯನ್ನೇ ಕೂದಲೆಳೆ ತಪ್ಪದಂತೆ ಹೇಗೆ ಬರೆಯಿತು?

ಆ ಕಾಗದ ಪೂಜೆಗೆ ಮುಂಚಿನದಲ್ಲದೆ ಹೋದರೆ ಮಾತ್ರ.

ಪ್ರಸಾದನ ಮಾತು ನೆನಪಿಗೆ ಬಂತು: ಕಾಗದ ಒಳಗೇ ಉಳಿದಿದೆ ಅಂತ ಕೀ ಇಸ್ಕೊಂಡಳು. ಸ್ವಲ್ಪ ಹೊತ್ತಿಗೆ ವಾಪಸ್ ಕೊಟ್ಟಳು, ಅಷ್ಟೇ.

ಹೊರಗೆ ಗೇಟಿನ ಬಳಿ ಕಾರು ಬಂದು ನಿಂತ ಸದ್ದಾಯಿತು. “ಬಂದ್ರು, ಬಂದ್ರು!” ಎನ್ನುತ್ತ ಸತೀಶ್, ರೇಣುಕಪ್ರಸಾದರು ಇಬ್ಬರೂ ಓಡಿದರು.

ದೀಪಶ್ರೀ ಬಂದು ಮಲ್ಲಿಕಾರ್ಜುನಯ್ಯನವರ ಕಾಲು ಮುಟ್ಟಿ ನಮಸ್ಕರಿಸಿದಳು. ಎದ್ದು ನಿಂತಾಗ ಅವಳ ಹಣೆ ಅವರ ಕಣ್ಣಿಗೆ ತೀರ ಹತ್ತಿರದಲ್ಲಿತ್ತು. ಕಿರಿದಾದ ಮೂರು ಗೆರೆ. ಮೂರೂ ತುಂಬು. ಎಡಗೈಯಲ್ಲಿ ಹುಚ್ಚಮ್ಮ ತುರುಕಿದ್ದ ರೊಟ್ಟಿ ಹಾಗೆಯೇ ಇತ್ತು, ಒಂದು ತುತ್ತೂ ಮುರಿದಿರಲಿಲ್ಲ.

“ಅಜ್ಜಾ, ಅವರ ಹತ್ರ ನೀವೇ ಹೇಳ್ತೀರಲ್ವಾ? ಇದೇ ಪೂಜೆ ದಿನದ ಪೆಟ್ಟಿಗೆ ಅಂತ? ನಿಮ್ಮ ಮಾತಿಗೆ ಯಾರೂ ಎದುರಾಡಲ್ಲ.”

ಅಷ್ಟರಲ್ಲಿ ಹುಚ್ಚಮ್ಮ ಬಕೆಟ್ಟಿನ ಮೇಲೆ ಬಟ್ಟೆ ಹಿಂಡಿ ಬಂದಳು.

“ಈಗ್ಲಾದ್ರೂ ಒರೆಸ್ಲಾ ಸ್ವಾಮಿ?”

“ಒರೆಸ್ಬಿಡಿ ಹುಚ್ಚಮ್ಮ,” ಎಂದಳು ದೀಪಶ್ರೀ, ತುಸು ಬೇಗನೆ. “ಎಲ್ಲಾ ಆಯ್ತಲ್ಲ. ವಿಡಿಯೋನೂ ಇದೆ. ನಡುವಿನಿಂದ ಶುರುಮಾಡಿ.”

ಮೆಟ್ಟಿಲ ಮೇಲೆ ಬೂಟುಗಳ ಸದ್ದು ಹತ್ತಿ ಬರುತ್ತಿತ್ತು. ಒದ್ದೆ ಬಟ್ಟೆ ನಾಲ್ಕನೆಯ ಗುಂಡಿಯತ್ತ ಚಾಚಿತು.

ಮಲ್ಲಿಕಾರ್ಜುನಯ್ಯನವರು ತಮ್ಮ ಬಲಗೈಯನ್ನು, ಆ ಸೊಟ್ಟ ಬೆರಳಿನ ಕೈಯನ್ನು, ಗುಂಡಿಯ ಮೇಲೆ ಅಡ್ಡವಾಗಿ ಇಟ್ಟುಬಿಟ್ಟರು. ಬಟ್ಟೆಯಿಂದ ಆ ಗೆರೆಯನ್ನು ಉಳಿಸಲೋ, ಒಳಗೆ ಬರುತ್ತಿದ್ದವರ ಕಣ್ಣಿನಿಂದ ಮರೆಮಾಡಲೋ, ಆ ಕ್ಷಣಕ್ಕೆ ಅವರಿಗೂ ತಿಳಿದಿರಲಿಲ್ಲ.